ನಾಟಕ ನೋಡಲು ಹೋದವರಿಗೆ ಸನ್ಮಾನ ತೋರಿಸಿ ಕಳಿಸಿದರು

ಮಾನ್ಯ ಸಂಪಾದಕರೆ,

ನಮ್ಮ ವಿಶ್ವವಿದ್ಯಾಲಯದ ರಂಗಮಂದಿರ ಜನರಿಗೆ ಹತ್ತಿರವಾಯಿತು ಎಂಬ ನಿಮ್ಮ ಸೋಮವಾರದ ವರದಿ ಓದಿ ಮೈ ಉರಿಯಿತು. ಫೋಟೊದಲ್ಲಿ ಶಾಲು ಹೊದ್ದವರೇ ತುಂಬಿದ್ದಾರೆ. ನಾಟಕ ಆಡಿದ ಒಬ್ಬ ವಿದ್ಯಾರ್ಥಿಯ ಮುಖವೂ ಇಲ್ಲ. ಸಭೆ ಮುಗಿದ ಕೂಡಲೇ ನಿಮ್ಮ ವರದಿಗಾರರು ಹೊರಟುಬಿಟ್ಟರು ಅಂತ ಕಾಣುತ್ತದೆ. ನಾವು ಕೊನೆವರೆಗೂ ಅಲ್ಲೇ ಇದ್ದೆವು.

ಸಂಜೆ 5.30ಕ್ಕೆ ನಾಟಕ, ಸಾರ್ವಜನಿಕರಿಗೆ ಉಚಿತ ಪ್ರವೇಶ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಅದನ್ನು ನಮ್ಮ ಮನೆಮನೆಗೆ ಹಂಚಿದವರೂ ಆ ಮಕ್ಕಳೇ. ಬೀದಿಯವರೆಲ್ಲ ಸೇರಿ ಹೋದೆವು. ನನ್ನ ಜೊತೆ ಅತ್ತೆಯವರಿದ್ದರು. ಎಂಬತ್ತು ದಾಟಿದವರು, ಮಂಡಿನೋವು ಬೇರೆ. ರಂಗಮಂದಿರದ ಹಿಂದಿನ ಗೇಟ್ ನಮ್ಮ ಬೀದಿಗೆ ಅಂಟಿಕೊಂಡೇ ಇದೆ. ಅದಕ್ಕೆ ಬೀಗ! ಸುತ್ತಿಕೊಂಡು ಮುಖ್ಯ ಗೇಟ್‌ಗೆ ಹೋದರೆ ಸೆಕ್ಯುರಿಟಿಯವರು ಪಾಸ್ ಕೇಳಿದರು. ಕರಪತ್ರ ತೋರಿಸಿದರೆ 'ಅದೆಲ್ಲ ಗೊತ್ತಿಲ್ಲ, ಸಾಹೇಬರು ಹೇಳಬೇಕು' ಎಂದರು. ಸಾಹೇಬರು ಫೋನ್ ಎತ್ತಲಿಲ್ಲ. ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತರು. ಕೊನೆಗೆ ನಾಟಕದ ಹುಡುಗನೊಬ್ಬ ಓಡಿ ಬಂದು ಜಗಳ ಆಡಿ ನಮ್ಮನ್ನು ಒಳಗೆ ಕರೆದುಕೊಂಡು ಹೋದ.

ಒಳಗೆ ನೋಡಿದರೆ ಮುಂದಿನ ನಾಲ್ಕು ಸಾಲು ಸೋಫಾ. ಬಿಳಿ ಬಟ್ಟೆ ಹೊದಿಸಿ, 'ಗಣ್ಯರಿಗೆ ಮೀಸಲು' ಎಂದು ಬರೆದ ಹಾಳೆಯನ್ನು ಟೇಪ್ ಹಾಕಿ ಅಂಟಿಸಿದ್ದರು. ಆ ಸೋಫಾಗಳಲ್ಲಿ ಅರ್ಧ ಕೊನೆವರೆಗೂ ಖಾಲಿ. ವಯಸ್ಸಾದವರು ಕೂತುಕೊಳ್ಳಲಿ ಎಂದರೆ ಬಿಡಲಿಲ್ಲ. ಹಿಂದೆ ಜಾಗ ಸಿಗದ ಜನ ಗೋಡೆಗೆ ಒರಗಿ ನಿಂತಿದ್ದರು.

ಆಮೇಲೆ ಶುರುವಾಯಿತು ಸಭೆ. ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಹಚ್ಚುವುದು, ಉದ್ಘಾಟನಾ ಭಾಷಣ, ಮುಖ್ಯ ಅತಿಥಿ, ವಿಶೇಷ ಅತಿಥಿ, ಅಧ್ಯಕ್ಷರ ಭಾಷಣ. ಎಲ್ಲರೂ ಹೇಳಿದ್ದು ಒಂದೇ: ಯುವಜನರಿಗೆ ರಂಗಭೂಮಿಯ ಮೇಲೆ ಆಸಕ್ತಿ ಇಲ್ಲ. ಆ ಮಾತು ಆಡುವಾಗ ಯುವಜನರು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ನಿಂತಿದ್ದರು. ಸನ್ಮಾನಕ್ಕೆ ತಟ್ಟೆ ಹಿಡಿಯಲು ಯಾರೂ ಇಲ್ಲ ಎಂದು, ಗಡ್ಡ ಅಂಟಿಸಿಕೊಂಡು ತಯಾರಾಗಿದ್ದ ಹುಡುಗಿಯನ್ನೇ ಕರೆದು ಹಾರ, ಶಾಲು, ಹಣ್ಣಿನ ಬುಟ್ಟಿ ಹೊರಿಸಿದರು. ಸೆಕೆಗೆ ಗೋಂದು ಬಿಟ್ಟು ಗಡ್ಡ ಒಂದು ಕಡೆ ಜೋತಿತ್ತು. ಅವಳು ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ತಿಂಗಳುಗಟ್ಟಲೆ ತಾಲೀಮು ಮಾಡಿದ ಹುಡುಗಿ ಅವಳು.

ನಾಟಕ ಶುರುವಾಗುವಾಗ ಎಂಟು ಗಂಟೆ. ಶಾಲು ಹೊದ್ದವರೆಲ್ಲ ಕಾರು ಹತ್ತಿ ಹೋದರು. ಒಂಬತ್ತು ಹೊಡೆಯುತ್ತಿದ್ದಂತೆ ಸಿಬ್ಬಂದಿಯೊಬ್ಬರು ಬಂದು ಟೈಮ್ ಆಯಿತು ಎಂದು ರಂಗದ ಲೈಟು ಆರಿಸಿದರು. ಕೊನೆಯ ದೃಶ್ಯವನ್ನು ಮಕ್ಕಳು ಟ್ಯೂಬ್‌ಲೈಟ್ ಬೆಳಕಿನಲ್ಲಿ ಅವಸರವಾಗಿ ಮುಗಿಸಿದರು. ಇದು ಜನರಿಗೆ ಹತ್ತಿರವಾಗುವುದಾ?

ಹೆಗ್ಗೋಡಿನ ಕಡೆ ನೋಡಿ. ಸಾಗರ ತಾಲ್ಲೂಕಿನ ಆ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ನೀನಾಸಮ್ ಎಂಬ ನಾಟಕ ಸಂಘ ಶುರುವಾಯಿತು. ವಿಶ್ವವಿದ್ಯಾಲಯ ಇರಲಿಲ್ಲ, ಅನುದಾನ ಇರಲಿಲ್ಲ. ಊರವರೇ ನಟರು, ಊರವರೇ ಪ್ರೇಕ್ಷಕರು. ಕೆ.ವಿ. ಸುಬ್ಬಣ್ಣನವರು ಅಲ್ಲೇ ರಂಗಶಿಕ್ಷಣ ಕೇಂದ್ರ ಕಟ್ಟಿದರು. 1985ರಿಂದ ತಿರುಗಾಟ ತಂಡ ಊರೂರಿಗೆ ನಾಟಕ ಹೊತ್ತುಕೊಂಡು ಹೋಗುತ್ತಿದೆ. ಮೈಸೂರಿನಲ್ಲಿ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಎಂಬ ರಂಗಸಂಸ್ಥೆಯಲ್ಲಿ ಬೇಸಿಗೆ ಬಂದರೆ ಚಿಣ್ಣರ ಮೇಳ ಎಂಬ ಮಕ್ಕಳ ನಾಟಕ ಶಿಬಿರ. ಬಡಾವಣೆಯ ಮಕ್ಕಳೆಲ್ಲ ಅಲ್ಲಿಗೇ ಓಡುತ್ತಾರೆ. ಮಕ್ಕಳು ಹೋದ ಕಡೆ ಅಪ್ಪ ಅಮ್ಮನೂ ಹೋಗುತ್ತಾರೆ, ಅಲ್ವಾ? ನಮ್ಮಲ್ಲಿ ಬೇಸಿಗೆ ಪೂರ್ತಿ ರಂಗಮಂದಿರಕ್ಕೆ ಬೀಗ, ಇಲ್ಲವೇ ಯಾವುದೋ ಕಂಪನಿಯ ಮೀಟಿಂಗು.

ಅದೇ ಕಟ್ಟಡದಲ್ಲಿ ತಾಲೀಮು ಮಾಡಬೇಕೆಂದರೆ ವಿದ್ಯಾರ್ಥಿಗಳು ವಿಭಾಗದ ಮುಖ್ಯಸ್ಥರ ಪತ್ರ ತರಬೇಕು, ಅದು ಆಡಳಿತ ಕಚೇರಿಗೆ ಹೋಗಬೇಕು, ಅಲ್ಲಿಂದ ಎಂಜಿನಿಯರ್ ವಿಭಾಗಕ್ಕೆ. ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಮೈಕು ಕೆಟ್ಟಿದೆ ಎಂದು ಆ ಮಕ್ಕಳು ಕೈಯಿಂದ ದುಡ್ಡು ಹಾಕಿ ಬಾಡಿಗೆಗೆ ತಂದಿದ್ದರು. ಹೆಂಗಸರ ಶೌಚಾಲಯದಲ್ಲಿ ನೀರಿಲ್ಲ. ಹಾಗಾದರೆ ರಂಗಮಂದಿರಕ್ಕೆ ಬರುವ ಬಾಡಿಗೆ ದುಡ್ಡು ಎಲ್ಲಿಗೆ ಹೋಗುತ್ತದೆ?

ಈ ಅಧಿಕಾರಿಗಳ ವರ್ತನೆ ಇವತ್ತಿನದಲ್ಲ. ಬೆಳಗ್ಗೆ ಕ್ಯಾಂಪಸ್ಸಿನಲ್ಲಿ ವಾಕಿಂಗ್ ಮಾಡುತ್ತಿದ್ದ ನಮ್ಮನ್ನು ಭದ್ರತೆಯ ನೆಪ ಹೇಳಿ ನಿಲ್ಲಿಸಿದವರು ಇವರೇ. ಕಾರ್ಯಕ್ರಮ ಇದ್ದ ದಿನ ಇವರ ಅತಿಥಿಗಳ ಕಾರು ನಮ್ಮ ಮನೆ ಗೇಟಿನ ಮುಂದೆಯೇ ನಿಲ್ಲುತ್ತದೆ. ಆಂಬುಲೆನ್ಸ್ ಬಂದರೂ ದಾರಿ ಇಲ್ಲ. ಕಾಂಪೌಂಡಿನ ಪಕ್ಕದ ಬೀದಿದೀಪದ ಬಗ್ಗೆ ಕೇಳಿದರೆ ಪಾಲಿಕೆಯವರು ವಿಶ್ವವಿದ್ಯಾಲಯದ ಕಡೆ ಕೈ ತೋರಿಸುತ್ತಾರೆ, ವಿಶ್ವವಿದ್ಯಾಲಯದವರು ಪಾಲಿಕೆಯ ಕಡೆ. ಮೊನ್ನೆ ರಾತ್ರಿ ಅತ್ತೆಯವರ ಕೈ ಹಿಡಿದು ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಮನೆಗೆ ಬಂದೆವು. ಆ ಹೊತ್ತಿಗೆ ಸಿಟಿ ಬಸ್ಸೂ ಇರಲಿಲ್ಲ. ದೂರದ ಹಾಸ್ಟೆಲಿನ ಹುಡುಗಿಯರು ಹೇಗೆ ಹೋದರು ಅಂತ ಯಾರಾದರೂ ವಿಚಾರಿಸಿದರಾ?

ಹಿಂದಿನ ಗೇಟ್ ತೆಗೆಯಿರಿ. ಆ ನಾಟಕವನ್ನು ಇನ್ನೊಮ್ಮೆ ಪೂರ್ತಿಯಾಗಿ ಆಡಿಸಿ, ಭಾಷಣ ಬೇಡ. ಸಂಬಂಧಪಟ್ಟವರ ಮೇಲೆ ಕ್ರಮ ಆಗಬೇಕು. ದೀಪ, ನೀರು, ಬಸ್ಸು ಎಲ್ಲವೂ ಸರಿಯಾಗಬೇಕು. ಇಷ್ಟೂ ಆಗದಿದ್ದರೆ ಸಾರ್ವಜನಿಕರಿಗೆ ಸ್ವಾಗತ ಎಂದು ಮಕ್ಕಳ ಕೈಯಲ್ಲಿ ಕರಪತ್ರ ಹಂಚಿಸಬೇಡಿ. ಬಣ್ಣ ಹಚ್ಚಿದ ಹುಡುಗಿಯ ಕೈಗೆ ಹಾರದ ತಟ್ಟೆ ಕೊಡುವಾಗ ಒಬ್ಬರಿಗಾದರೂ ನಾಚಿಕೆ ಆಗಲಿಲ್ವಾ?

– ರಂಗಮಂದಿರದ ಹಿಂಬದಿ ಬೀದಿಯ ನಿವಾಸಿ