ಹಾಯಿಕಂಬದ ಕೆಲಸಕ್ಕೆ ಕೈಹಚ್ಚಿದ ಹಾಸನದ ಎಲ್ಲರಿಗೂ

ನಮ್ಮ ಹಳೆಯ ಹಾಯಿದೋಣಿ ಕಳೆದ ವಾರ ಗೊರೂರಿನ ಹೇಮಾವತಿ ಹಿನ್ನೀರಿಗೆ ಇಳಿಯಿತು. ಕರಾವಳಿಯ ಉಪ್ಪುನೀರಿನಲ್ಲಿ ಬಹುಕಾಲ ದುಡಿದು ಬಂದಿದ್ದ ಅದರ ಹಾಯಿಕಂಬ, ಅಡ್ಡಕೋಲು ಮತ್ತು ಕಿಟಕಿ ಚೌಕಟ್ಟುಗಳೆಲ್ಲವೂ ಅನೋಡೈಸ್ ಮಾಡಿದ, ಅಂದರೆ ಮೈಮೇಲೆ ರಕ್ಷಣೆಯ ಪದರ ಬೆಳೆಸಿದ, ಅಲ್ಯೂಮಿನಿಯಂನವು. ಅಲ್ಲಲ್ಲಿ ಪದರ ಒಡೆದು, ಬಿಳಿ ಪುಡಿ ಬಿಟ್ಟು, ಗುಳಿ ಬಿದ್ದಿದ್ದ ಅವುಗಳಿಗೆ ಹೊಸ ಬಣ್ಣ ಕೂರಿಸಲು ನೆರವಾದವರಿಗೆ ಬಹಿರಂಗವಾಗಿ ಕೃತಜ್ಞತೆ ಹೇಳುವುದು ಈ ಬರಹದ ಉದ್ದೇಶ.

ಮೊದಲ ನಮಸ್ಕಾರ, ಅಲ್ಯೂಮಿನಿಯಂ ಕಿಟಕಿ ಬಾಗಿಲುಗಳನ್ನು ಮಾಡುವ ನಮ್ಮ ಬೀದಿಯ ಅಣ್ಣನವರಿಗೆ. ಅನೋಡೈಸ್ ಪದರವು ಮೇಲಿನಿಂದ ಬಳಿದ ಲೇಪವಲ್ಲ, ಗಂಧಕಾಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಲೋಹದ ಮೈಯಿಂದಲೇ ಬೆಳೆಸಿದ ಆಕ್ಸೈಡ್ ಎಂದೂ, ಅದರ ಸೂಕ್ಷ್ಮ ರಂಧ್ರಗಳನ್ನು ಕೊನೆಯಲ್ಲಿ ಕುದಿನೀರಿನಿಂದ ಮುಚ್ಚುವುದರಿಂದ ಬಣ್ಣಕ್ಕೆ ಕಚ್ಚಿಕೊಳ್ಳಲು ಅಲ್ಲಿ ಹಿಡಿತವೇ ಇರುವುದಿಲ್ಲ ಎಂದೂ ಅವರು ಕಿಟಕಿಯ ತುಂಡೊಂದನ್ನು ಕೈಗಿತ್ತು ವಿವರಿಸಿದರು. ಕಾಸ್ಟಿಕ್ ಸೋಡಾ ಹಚ್ಚಿ ಪದರವನ್ನು ಕರಗಿಸಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಅದು ಪದರದ ಜೊತೆಗೆ ಲೋಹವನ್ನೂ ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ, ಪೊಳ್ಳು ಕಂಬದೊಳಗೆ ಹೊಕ್ಕರೆ ಪೂರ್ತಿ ತೊಳೆದು ತೆಗೆಯುವುದು ಕಷ್ಟ ಎಂದು ತಡೆದವರು ಇವರೇ. ಪದರ ಗಟ್ಟಿಯಾಗಿರುವ ಕಡೆ ಹೊಳಪು ಸಾಯುವಷ್ಟು ಉಜ್ಜಿ, ಒಡೆದಿರುವ ಕಡೆ ಮಾತ್ರ ಬರಿಯ ಲೋಹ ಕಾಣುವವರೆಗೆ ಹೋಗಿ ಎಂಬ ಅವರ ಮಾತಿನ ಮೇಲೆಯೇ ಮುಂದಿನ ಕೆಲಸವೆಲ್ಲ ನಡೆಯಿತು.

ಕಂಬದಲ್ಲಿ ಕಚ್ಚಿಕೊಂಡು ಬಿಗಿದುಹೋಗಿದ್ದ ಸ್ಟೀಲ್ ಸ್ಕ್ರೂಗಳನ್ನು ಲೇತ್ ಅಂಗಡಿಯ ಯಜಮಾನರು ಎಣ್ಣೆ ಊಡಿಸಿ, ಹದವಾಗಿ ಕಾಯಿಸಿ, ಒಂದೊಂದಾಗಿ ಬಿಡಿಸಿಕೊಟ್ಟರು. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಮ್ಮೇ ಸವೆಯುತ್ತದೆಯಾದ್ದರಿಂದ, ಮರುಜೋಡಣೆಯಲ್ಲಿ ನೈಲಾನ್ ವಾಷರ್ ಇಲ್ಲದೆ ಒಂದು ಸ್ಕ್ರೂ ಕೂಡ ಕೂರಬಾರದೆಂದು ಅವರು ನಿಂತು ನೋಡಿದರು.

ಜಾಗ ಕೊಟ್ಟವರು ಆಲೂಗಡ್ಡೆ ವ್ಯಾಪಾರಿಯೊಬ್ಬರು. ನಮ್ಮ ಕಡೆ ಆಲೂಗಡ್ಡೆ ಬಿತ್ತನೆ ಮುಂಗಾರಿನ ಹೊತ್ತಿನದಾದ್ದರಿಂದ ಫೆಬ್ರುವರಿಯಲ್ಲಿ ಅವರ ಗೋದಾಮು ಖಾಲಿ ಇತ್ತು, ಹವೆಯೂ ಒಣಗಿತ್ತು. ಬಣ್ಣ ಹೊಡೆಯುವಾಗ ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬ ನಿಯಮವನ್ನು ಮಳೆಗಾಲದಲ್ಲಿ ಪಾಲಿಸುವುದು ಇಲ್ಲಿ ಸುಲಭವಲ್ಲ. ಬಾಡಿಗೆಯ ಮಾತೆತ್ತಿದಾಗ ಅವರು ಕಾಫಿ ತರಿಸಿ ಮಾತು ಬದಲಿಸಿದರು.

ಬಣ್ಣ ಹೊಡೆದ ಕಾರ್ ಪೇಂಟರ್ ಮಾವನವರ ಋಣ ಎಲ್ಲಕ್ಕಿಂತ ದೊಡ್ಡದು. ಉಜ್ಜುವ ಮೊದಲೇ ಸೋಪುನೀರಿನಿಂದಲೂ ಥಿನ್ನರಿನಿಂದಲೂ ಜಿಡ್ಡು ತೆಗೆಯದಿದ್ದರೆ ಅದು ಗೀರುಗಳೊಳಗೆ ಇಳಿದು ಕೂರುತ್ತದೆ ಎಂದು ಅವರು ಒದ್ದೆ ಬಟ್ಟೆಯ ಹಿಂದೆಯೇ ಒಣ ಬಟ್ಟೆ ಎಳೆಯುವುದನ್ನು ನಮಗೆಲ್ಲ ಕಲಿಸಿದರು. ಕಬ್ಬಿಣದ ಕಣ ಲೋಹದಲ್ಲಿ ಸಿಕ್ಕಿ ಮುಂದೆ ತುಕ್ಕಿಗೆ ದಾರಿಯಾಗುತ್ತದೆಂದು ತಂತಿ ಬ್ರಷ್ಷನ್ನು ಹತ್ತಿರ ಸೇರಿಸಲಿಲ್ಲ. ಉಜ್ಜಿದ ಅಲ್ಯೂಮಿನಿಯಂ ಗಾಳಿಗೆ ತಾಗಿದೊಡನೆ ಮತ್ತೆ ಆಕ್ಸೈಡ್ ಕಟ್ಟಲು ತೊಡಗುವುದರಿಂದ, ಅಂದು ಎಷ್ಟು ಭಾಗಕ್ಕೆ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಹಿಡಿತ ಕೊಡುವ ಮೊದಲ ಲೇಪ) ಹೊಡೆಯಲು ಸಾಧ್ಯವೋ ಅಷ್ಟನ್ನೇ ಅಂದು ಉಜ್ಜಿಸುತ್ತಿದ್ದರು. ಮೇಲಿನ ಪಾಲಿಯುರೆಥೇನ್ ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಐಸೊಸೈನೇಟ್ ಇರುವ ಕಾರಣ, ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡ ತರಿಸಿದ ಮೇಲೆಯೇ ಸ್ಪ್ರೇ ಗನ್ ಹಿಡಿದರು. ಮೂಗಿಗೆ ಕರ್ಚೀಫು ಕಟ್ಟಿ ಇಂಥ ಬಣ್ಣ ಹೊಡೆಯುವ ರೂಢಿ ನಮ್ಮ ಗ್ಯಾರೇಜುಗಳಿಂದ ಹೋಗಲೇಬೇಕು ಎಂದು ಈ ಸಂದರ್ಭದಲ್ಲಿ ಹೇಳಿದರೆ ಯಾರೂ ಅನ್ಯಥಾ ಭಾವಿಸಬಾರದು.

ಉಜ್ಜುವ ಬೇಸರದ ಕೆಲಸಕ್ಕೆ ಸಂಜೆಗಳನ್ನು ಕೊಟ್ಟ ತಮ್ಮನಿಗೂ ಅವನ ಗೆಳೆಯರಿಗೂ, ಕಂಬವನ್ನು ಗೊರೂರಿನವರೆಗೆ ಕಂಬಳಿ ಸುತ್ತಿ ಗೀರು ಬೀಳದಂತೆ ಸಾಗಿಸಿದ ಟೆಂಪೊ ಚಾಲಕರಿಗೂ ವಂದನೆಗಳು. ಬೆರೆಸದೆ ಉಳಿದಿರುವ ಪ್ರೈಮರ್ ಮತ್ತು ಅದರ ಹಾರ್ಡನರ್ ಡಬ್ಬಿಗಳು ಗೋದಾಮಿನಲ್ಲಿಯೇ ಇವೆ. ಇಂಥದೇ ಕೆಲಸ ಕೈಗೆತ್ತಿಕೊಂಡಿರುವವರು ಅವುಗಳ ಅವಧಿ ಮುಗಿಯುವ ಮುನ್ನ ಬಂದು ಒಯ್ಯಬೇಕಾಗಿ ಕೋರುತ್ತೇನೆ.