ಸೆಲ್ಕರ್ಕಿನ ಶೆರಿಫ್ ಸಾಹೇಬರು

ಗೆಳೆಯಾ,

ಶೆರಿಫ್ ಅಂದ ಕೂಡಲೇ ನಿನಗೆ ನೆನಪಾಗುವುದು ಕುದುರೆ, ಪಿಸ್ತೂಲು, ಎದೆ ಮೇಲೊಂದು ನಕ್ಷತ್ರ, ಅಲ್ವಾ? ನನಗೂ ಅಷ್ಟೇ ಗೊತ್ತಿತ್ತು. ಹೋದ ವಾರ ಸ್ಕಾಟ್ಲೆಂಡಿನ ಸೆಲ್ಕರ್ಕ್ ಅನ್ನುವ ಸಣ್ಣ ಊರಿಗೆ ಹೋಗಿದ್ದೆ. ಇಲ್ಲಿ ಶೆರಿಫ್ ಅಂದರೆ ಜಡ್ಜ್ ಕಣೋ, ಇವತ್ತಿಗೂ.

ಹಿಂದೆ ಈ ಸೀಮೆಯ ಶೆರಿಫ್‌ಗಿರಿ ಮರ್ರೆ ಅನ್ನುವ ಮನೆತನದ ಆಸ್ತಿ. ನಮ್ಮಲ್ಲಿ ಪಟೇಲಿಕೆ, ಶಾನುಭೋಗಿಕೆ ಇತ್ತಲ್ಲ, ಹಾಗೇ ಅಪ್ಪನಿಂದ ಮಗನಿಗೆ. 1745ರಲ್ಲಿ ಸ್ಟುವರ್ಟ್ ರಾಜಮನೆತನದ ಪರವಾಗಿ ದಂಗೆ ಎದ್ದು, ಮರುವರ್ಷ ಕಲೋಡನ್ ಬಯಲಿನಲ್ಲಿ ಮುಗಿದ ಮೇಲೆ ಲಂಡನ್ನಿನವರಿಗೆ ದಿಗಿಲು ಹತ್ತಿತು: ಊರಿನ ಧಣಿಯೇ ನ್ಯಾಯ ಹೇಳುವವನೂ ಆದರೆ, ಅವನು ಕತ್ತಿ ಹಿಡಿ ಅಂದರೆ ಜನ ಹಿಡಿಯದೆ ಇರುತ್ತಾರಾ? ಕಾನೂನು ತಂದು 1748ರಿಂದ ಇಂಥ ವಂಶಪಾರಂಪರ್ಯದ ಹಕ್ಕನ್ನೆಲ್ಲ ತೆಗೆದುಹಾಕಿದರು. ಸುಮ್ನೆ ಅಲ್ಲ, ದುಡ್ಡು ಕೊಟ್ಟು. ಇಡೀ ಸ್ಕಾಟ್ಲೆಂಡಿಗೆ ಒಂದೂವರೆ ಲಕ್ಷ ಪೌಂಡಿಗಿಂತ ಜಾಸ್ತಿಯೇ ಆಯಿತು. ಆಮೇಲೆ ಶೆರಿಫ್ ಆಗಬೇಕಾದರೆ ವಕೀಲನಾಗಿ ಮೂರು ವರ್ಷವಾದರೂ ಆಗಿರಬೇಕು.

ಹಾಗೆ 1799ರಲ್ಲಿ ಬಂದವನು ವಾಲ್ಟರ್ ಸ್ಕಾಟ್. ಹೌದು, ಆ ಕಾದಂಬರಿಕಾರನೇ! ಆಗಿನ್ನೂ ಒಂದು ಕಾದಂಬರಿಯನ್ನೂ ಪ್ರಕಟಿಸಿರಲಿಲ್ಲ. ಸಂಬಳ ವರ್ಷಕ್ಕೆ 300 ಪೌಂಡ್, ದಿನದ ಕೆಲಸಕ್ಕೆ ಕೈಕೆಳಗೊಬ್ಬ ಶೆರಿಫ್. ಸ್ಕಾಟ್ ಮಾತ್ರ ಎಡಿನ್‌ಬರೋದಲ್ಲಿ, ಸ್ವಯಂಸೇವಕರ ಕುದುರೆ ಪಡೆಯ ಜೊತೆ ಓಡಾಡಿಕೊಂಡು ಹಾಯಾಗಿದ್ದ. ವರ್ಷಕ್ಕೆ ನಾಲ್ಕು ತಿಂಗಳು ಸೀಮೆಯಲ್ಲೇ ಇರಬೇಕು ಅಂತ ಕಾನೂನು. ಇಲ್ಲಿಯ ದೊಡ್ಡ ಅಧಿಕಾರಿ ಲಾರ್ಡ್ ನೇಪಿಯರ್ ತಕರಾರು ತೆಗೆದ. ಬೇರೆ ದಾರಿಯಿಲ್ಲದೆ 1804ರಲ್ಲಿ ಟ್ವೀಡ್ ನದಿ ದಂಡೆಯ ಆಶಸ್ಟೀಲ್‌ನಲ್ಲಿ ಮನೆ ಬಾಡಿಗೆಗೆ ಹಿಡಿದ. ಬಂದವನು ಆ ನದಿಯನ್ನು ಬಿಟ್ಟು ಹೋಗಲೇ ಇಲ್ಲ ನೋಡು. ಆಮೇಲೆ ಅದೇ ದಂಡೆಯಲ್ಲಿ ಅಬಟ್ಸ್‌ಫರ್ಡ್ ಅನ್ನುವ ಸ್ವಂತ ಮನೆ ಕಟ್ಟಿಸಿದ, 1832ರಲ್ಲಿ ಸಾಯುವವರೆಗೂ ಶೆರಿಫ್ ಆಗಿಯೇ ಇದ್ದ. ನನ್ನ ಕೇಳಿದರೆ, ಆ ತಕರಾರು ತೆಗೆದವನಿಗೂ ಒಂದು ಹಾರ ಹಾಕಬೇಕು.

1975ರಲ್ಲಿ ಈ ಸೀಮೆಯನ್ನು ಲೋಥಿಯನ್ ಅಂಡ್ ಬಾರ್ಡರ್ಸ್ ಅನ್ನುವ ದೊಡ್ಡ ಶೆರಿಫ್ ವಿಭಾಗಕ್ಕೆ ಸೇರಿಸಿದರು. ಕೋರ್ಟು ಈಗಲೂ ಊರಲ್ಲಿದೆ, ಬೇರೆ ಕಟ್ಟಡದಲ್ಲಿ. ಹಳೇ ಕೋರ್ಟು ಮಾರ್ಕೆಟ್ ಚೌಕದಲ್ಲಿ ಮ್ಯೂಸಿಯಂ ಆಗಿದೆ. ಒಳಗೆ ಸ್ಕಾಟ್ ಕೂತ ಕುರ್ಚಿ, ಹೊರಗೆ ಅವನದೇ ಪ್ರತಿಮೆ, ಶೆರಿಫ್ ನಿಲುವಂಗಿಯಲ್ಲಿ. ಈ ಜನ ಅವನನ್ನು ಕರೆಯುತ್ತಿದ್ದುದು ‘ಶಿರ್ರಾ’ ಅಂತ. ಅವರ ಬಾಯಲ್ಲಿ ಶೆರಿಫ್ ಅನ್ನುವುದು ಹಾಗಾಗಿತ್ತು.

ಫೋಟೋ ಆಮೇಲೆ ಕಳಿಸುತ್ತೇನೆ, ಮಳೆಯಲ್ಲಿ ಒಂದೂ ಸರಿಯಾಗಿ ಬಂದಿಲ್ಲ.

ಇಂತಿ ನಿನ್ನವ