ಮಕ್ಕಳಿಗೆ ಬೈಯುವ ಮೊದಲು ನಿಮ್ಮ ನೋಟಿಸ್ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಎಂ.ಎ. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪಾಠ ಮಾಡುವ ಸರ್‌ಗೂ ಒಬ್ಬ ವಿದ್ಯಾರ್ಥಿನಿಗೂ ಆದ ಗಲಾಟೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ನಿನ್ನೆ ಬಂದ ಸುದ್ದಿ ಓದಿದೆ. ಆ ವಿದ್ಯಾರ್ಥಿನಿ ನನ್ನ ಮಗಳು. ‘ಮಾತಿನ ಚಕಮಕಿ’ ಎಂದು ಬರೆದಿದ್ದೀರಿ. ಚಕಮಕಿ ಅಂದರೆ ಇಬ್ಬರೂ ಮಾತಾಡಬೇಕು, ಅಲ್ವಾ? ಅವಳು ಬರೆದದ್ದು ಒಂದೇ ಸಾಲು: ‘ಸರ್, ಜ್ವರ ಬಂದಿದೆ, ಸೆಮಿನಾರ್ ನೆಕ್ಸ್ಟ್ ವೀಕ್ ಕೊಡ್ಲಾ ಪ್ಲೀಸ್’. ಸರ್ ಅದರ ಸ್ಕ್ರೀನ್‌ಶಾಟ್ ತೆಗೆದು ಇಡೀ ಕ್ಲಾಸಿನ ಗ್ರೂಪಿಗೆ ಹಾಕಿದರು. ‘ಎಂ.ಎ. ಓದುವವರ ಭಾಷೆ ಇದಾ? ಕನ್ನಡವಾದರೂ ಬರೆಯಿರಿ, ಇಂಗ್ಲಿಷಾದರೂ ಬರೆಯಿರಿ’ ಎಂದು ಬೈದರು. ಜ್ವರ ಹೇಗಿದೆ ಅಂತ ಕೇಳಲಿಲ್ಲ. ಈಗ ಅವಳು ಫೋನ್ ಮುಟ್ಟುತ್ತಿಲ್ಲ. ಅಂಗಡಿ ಬಿಟ್ಟು ಗ್ರೂಪಿನ ಮೆಸೇಜ್ ನಾನೇ ನೋಡಬೇಕಾಗಿದೆ.

ನೋಡಿದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ಅದೇ ಸರ್ ಹೋದ ವಾರ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಾಕಿದ್ದಾರೆ: ‘ಅಸೈನ್‌ಮೆಂಟ್ 10ಕ್ಕೆ ಸಬ್ಮಿಟ್ ಮಾಡಿ, ಲೇಟ್ ಆದ್ರೆ ಮಾರ್ಕ್ಸ್ ಕಟ್’. ಹತ್ತನೇ ತಾರೀಖಾ, ಹತ್ತು ಗಂಟೆಯಾ? ಕೇಳಿದ ಹುಡುಗನಿಗೆ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ಯಲಬುರ್ಗಾ ಕಡೆಯ ಮಕ್ಕಳು ಬೆಳಿಗ್ಗೆನೇ ಬಸ್ ಹಿಡಿದು ಬಂದು, ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದಾರೆ. ಇವರು ಬೆರೆಸಿದರೆ ನಡೆಯುತ್ತದೆ, ಮಕ್ಕಳು ಬೆರೆಸಿದರೆ ತಪ್ಪಾ? ಆಫೀಸಿನದು ಇನ್ನೊಂದು ಕಥೆ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನೋಟಿಸನ್ನು, ಮೊಬೈಲಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡಿಗೆ ಬದಲಿಸದೆ ಹಾಗೇ ಗ್ರೂಪಿಗೆ ಹಾಕುತ್ತಾರೆ. ಮೊಬೈಲಿನಲ್ಲಿ ಕಾಣುವುದು ಬರೀ ಅಡ್ಡಾದಿಡ್ಡಿ ಗುರುತು. ಪರೀಕ್ಷಾ ಫೀಸಿನ ಕೊನೇ ದಿನ ಅದರೊಳಗೇ ಇತ್ತಂತೆ. ದಂಡ ಕಟ್ಟಿದ್ದು ನಾವು.

ಭಾಷೆ ಬೆರೆಯುವುದು ನಮ್ಮ ಕಡೆ ಹೊಸದಲ್ಲ. 1948ರವರೆಗೆ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸರ್ಕಾರದ ಭಾಷೆ ಉರ್ದು. ನಮ್ಮಜ್ಜ ಒಂದು ಅರ್ಜಿ ಬರೆಸಲು ಉರ್ದು ಬಲ್ಲವರ ಮನೆಗೆ ಹೋಗಿ ಕೂರುತ್ತಿದ್ದರು. ಆ ಕಾಲದ ಉರ್ದು ಇವತ್ತಿಗೂ ನಮ್ಮ ಬಾಯಲ್ಲಿದೆ. ಹಾಗಂತ ನಮ್ಮ ಕನ್ನಡ ಕೆಟ್ಟಿಲ್ಲ. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ಸೀಮೆ ಹೇಳುವಾಗ ಬರುವ ಊರುಗಳಲ್ಲಿ ಕೊಪಣನಗರವೂ ಒಂದು. ಅದು ನಮ್ಮ ಕೊಪ್ಪಳವೇ. ಪರೀಕ್ಷೆಯಲ್ಲಿ ಬರೆಯುವ ಭಾಷೆ ಬೇರೆ, ಜ್ವರದಲ್ಲಿ ಮಲಗಿ ಟೈಪ್ ಮಾಡುವ ಭಾಷೆ ಬೇರೆ. ಇದನ್ನು ಕಲಿಸುವವರಿಗೆ ನಾವು ಹೇಳಿಕೊಡಬೇಕಾ?

ದೂರು ಕೊಡಲು ವಿಶ್ವವಿದ್ಯಾಲಯದ ಆಫೀಸಿಗೆ ಹೋದರೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’. ಯಾವಾಗ ಹೋದರೂ ಇದೇ ಮಾತು. ಹೋದ ವರ್ಷದ ಅಂಕಪಟ್ಟಿಯೇ ಇನ್ನೂ ಕೈಗೆ ಬಂದಿಲ್ಲ. ಸ್ಕಾಲರ್‌ಶಿಪ್ ಕೇಳಿದರೆ ಬ್ಯಾಂಕಿಗೆ ಹೋಗಿ ಅಂತಾರೆ. ಬ್ಯಾಂಕಿನವರು ಆಧಾರ್ ಜೋಡಣೆ ಆಗಿಲ್ಲ, ವಾಪಸ್ ಹೋಗಿ ಅಂತಾರೆ. ತುಂಗಭದ್ರಾ ಡ್ಯಾಂ ಇಷ್ಟು ಹತ್ತಿರದಲ್ಲಿದ್ದೂ ಹಾಸ್ಟೆಲ್ಲಿನ ನಲ್ಲಿಯಲ್ಲಿ ನೀರಿಲ್ಲ. ಕನ್ನಡವನ್ನು ಆಡಳಿತ ಭಾಷೆ ಮಾಡಿದ ನಮ್ಮ ರಾಜ್ಯದ ರಾಜಭಾಷಾ ಕಾಯ್ದೆ 1963ರಲ್ಲೇ ಬಂದಿದೆ. ಆದರೂ ಮೇಲಿಂದ ಬರುವ ಸುತ್ತೋಲೆ ಇಂಗ್ಲಿಷಿನಲ್ಲೇ. ಅದಕ್ಕೆ ಯಾರೂ ಸ್ಕ್ರೀನ್‌ಶಾಟ್ ತೆಗೆದು ಬೈಯುವುದಿಲ್ಲ.

ವಿಶ್ವವಿದ್ಯಾಲಯದವರು ಗ್ರೂಪಿನಲ್ಲಿ ಬರೆಯುವ ಭಾಷೆಗೆ ಒಂದು ನಿಯಮ ಮಾಡಲಿ. ಆಗದಿದ್ದರೆ ಮಕ್ಕಳನ್ನು ಅವರ ಪಾಡಿಗೆ ಬಿಡಲಿ. ಅಂಕಕ್ಕೆ, ಫೀಸಿಗೆ ಸಂಬಂಧಪಟ್ಟ ಯಾವ ನೋಟಿಸೇ ಇರಲಿ, ಕನ್ನಡ ಅಕ್ಷರದಲ್ಲಿ, ತಾರೀಖು ಗಂಟೆ ಬಿಡಿಸಿ ಹಾಕಲಿ. ಆ ಸ್ಕ್ರೀನ್‌ಶಾಟ್ ಇವತ್ತೇ ಅಳಿಸಲಿ. ಹಾಸ್ಟೆಲ್ ನೀರಿನದೂ ನೋಡಲಿ. ಇಷ್ಟು ಓದಿ, ಇಷ್ಟು ಸಂಬಳ ತಗೊಂಡು, ಜ್ವರ ಬಂದ ಹುಡುಗಿಯನ್ನು ಎಲ್ಲರ ಮುಂದೆ ಅಳಿಸುತ್ತಾರಲ್ಲ, ಇವರಿಗೆ ನಾಚಿಕೆಯಾಗಬೇಕು.

– ವಿದ್ಯಾರ್ಥಿನಿಯೊಬ್ಬಳ ತಂದೆ, ಕೊಪ್ಪಳ